ಸೂಟ್‌ಕೇಸಿಗೆ ಹಿಡಿಯದ ಪೆಟ್ಟಿಗೆ

ಕುವೈತಿನ ಫಹಾಹೀಲಿನ ಆ ಎರಡು ಕೋಣೆಯ ಮನೆಯಲ್ಲಿ ಒಳ್ಳೆಯ ವಸ್ತುಗಳೆಲ್ಲ ಮಂಚದಡಿಯಲ್ಲಿ ಸಂಸಾರ ಮಾಡುತ್ತಿದ್ದವು. ಗಾಜಿನ ಡಿನ್ನರ್ ಸೆಟ್, ದಪ್ಪ ಕಂಬಳಿಗಳು, ಸೀಲು ಒಡೆಯದ ಮಿಕ್ಸಿ, ಬಚ್ಚಲಿಗೆ ಹಾಕುವ ಹೊಳೆಯುವ ನಲ್ಲಿಗಳು ಕೂಡ. ಎಲ್ಲವೂ ಊರಿಗೆ. ಊರೆಂದರೆ ಮಂಗಳೂರಿನ ಬೋಂದೆಲ್‌ನಲ್ಲಿ ಜೇಮ್ಸ್ ಕಟ್ಟಿಸಿ, ಬೀಗ ಹಾಕಿ ಬಂದಿದ್ದ ಹೊಸ ಮನೆ. ಕುವೈತಿನಲ್ಲಿ ಮಾತ್ರ ಅಂಚು ಒಡೆದ ಕಪ್ಪಿನಲ್ಲಿ ಚಹಾ, ತಳ ಸುಟ್ಟ ಪಾತ್ರೆಯಲ್ಲಿ ಅನ್ನ.

ಜೇಮ್ಸ್ ಕೆಟ್ಟ ಗಂಡನೇನಲ್ಲ. ಕುಡಿತವಿಲ್ಲ, ಬೈಗುಳವಿಲ್ಲ, ತೈಲ ಕಂಪನಿಯೊಂದರ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಕೆಲಸ. ಗೋದಾಮಿನ ಬುದ್ಧಿಯೇ ಮನೆಗೂ ಬಂದಿತ್ತು, ಅಷ್ಟೆ. ಹೆಂಡತಿ ಫ್ರೀಡಾ ಹೊಸದೇನನ್ನಾದರೂ ಮುಟ್ಟಿದರೆ ಸಾಕು, "ಅದು ಊರಿಗೆ ಇರ್ಲಿ" ಎನ್ನುತ್ತಿದ್ದ. ಅವನ ಪ್ರಕಾರ ಕುವೈತಿನಲ್ಲಿ ಇರುವುದೆಂದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗೆ. ಬದುಕುವುದೇನಿದ್ದರೂ ಆಮೇಲೆ. ಇಂಥ ಬಸ್‌ಸ್ಟ್ಯಾಂಡಿನಲ್ಲಿ ಫ್ರೀಡಾ ಹದಿನೆಂಟು ವರ್ಷ ನಿಂತಿದ್ದಳು.

ಒಂದು ಶುಕ್ರವಾರ ಅಹ್ಮದಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳು ಬಾಯಿಬಿಟ್ಟಳು.

"ನಂಗೊಂದು ಕಂಪ್ಯೂಟರ್ ಬೇಕು. ಗೇಮ್ ಆಡ್ಲಿಕ್ಕೆ."

ಜೇಮ್ಸನ ತಮ್ಮ ಕೊನ್ರಾಡ್ ಕೋಳಿಯ ಕಾಲು ಕೆಳಗಿಟ್ಟ. ಎಗೈಲಾದ ಒಂದು ಶೋರೂಮಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವ ಅವನು. ಕುಟುಂಬದಲ್ಲಿ ಕರೆಂಟಿನಿಂದ ನಡೆಯುವ ಯಾವ ವಸ್ತು ಕೊಳ್ಳುವುದಿದ್ದರೂ ಅವನ ಅಪ್ಪಣೆ ಬೇಕಿತ್ತು.

"ನತಾಶಾನ ಪ್ರಾಜೆಕ್ಟಿಗಾ ಅತ್ತಿಗೆ? ಲ್ಯಾಪ್‌ಟಾಪ್ ಸಾಕಲ್ಲ. ಊರಿಗೆ ಕೊಂಡೋಗ್ಲಿಕ್ಕೂ ಸುಲಭ."

"ನತಾಶಾನಿಗಲ್ಲ. ನಂಗೆ."

"ನಿಮಗೆ ಎಂತ ಗೇಮ್?"

"ಕಾರ್ ಓಡಿಸುದು."

ಮಗಳು ನತಾಶಾ ಮೊಬೈಲಿನಿಂದ ತಲೆಯೆತ್ತಿ, "ಶಿ ಈಸ್ ಗುಡ್, ಅಂಕಲ್," ಎಂದು ಮತ್ತೆ ತಲೆ ತಗ್ಗಿಸಿದಳು. ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಪುಕ್ಕಟೆ ಸಿಕ್ಕಿದ ಒಂದು ಕಾರಿನ ಆಟವಿತ್ತು. ಫ್ರೀಡಾ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್. ಮಧ್ಯಾಹ್ನದ ಬಿಡುವಿಗೆ ಮನೆಗೆ ಬಂದವಳು ಎರಡು ವರ್ಷದಿಂದ ಅದರಲ್ಲೇ ಗಾಡಿ ಓಡಿಸುತ್ತಿದ್ದಳು. ಈಗ ಆ ಲ್ಯಾಪ್‌ಟಾಪ್ ಹತ್ತು ನಿಮಿಷಕ್ಕೆ ದೋಸೆಕಾವಲಿಯಂತೆ ಕಾದು ತಾನಾಗಿ ಆರಿಹೋಗುತ್ತಿತ್ತು.

"ನಂಗೆ ಗೊತ್ತಾಯ್ತು," ಕೊನ್ರಾಡ್ ಡಾಕ್ಟರನ ಹಾಗೆ ಮುಖ ಮಾಡಿದ. "ಇಲ್ಲಿ ಲೈಸೆನ್ಸ್ ಸಿಗ್ಲಿಲ್ಲ ಅಂತ ನಿಮಗೆ ಒಳಗೊಳಗೆ ಬೇಜಾರು."

ಲೈಸೆನ್ಸ್ ಸಿಕ್ಕಿರಲಿಲ್ಲ ಎಂಬುದು ನಿಜ. ಮದುವೆಗೆ ಮುಂಚೆ ಅಪ್ಪನ ಜೀಪು ಓಡಿಸುತ್ತಿದ್ದವಳು ಅವಳು. ಇಲ್ಲಿ ಹೊರದೇಶದವರಿಗೆ ಡಿಗ್ರಿ ಬೇಕು, ಸಂಬಳ ಇಂತಿಷ್ಟಿರಬೇಕು. ಅವಳಿಗೆ ಎರಡೂ ಇರಲಿಲ್ಲ. ಆದರೆ ತನ್ನ ಆಸೆಗೆ ಹೀಗೆ ಯಾರೋ ಕಾಯಿಲೆಯ ಹೆಸರಿಟ್ಟದ್ದು ಕಂಡು ಫ್ರೀಡಾಳಿಗೆ ಮೈಯೆಲ್ಲ ಉರಿಯಿತು.

"ಬೇಜಾರೂ ಇಲ್ಲ, ಎಂತದೂ ಇಲ್ಲ. ಮಜಾ ಬರ್ತದೆ. ಅದಕ್ಕೆ ಬೇಕು."

ಮೇಜಿನ ಮೇಲೆ ಏನೋ ಮರ್ಯಾದೆಗೆಟ್ಟದ್ದು ಬಿದ್ದ ಹಾಗೆ ಎಲ್ಲರೂ ಕಣ್ಣು ತಪ್ಪಿಸಿ ಅನ್ನ ಕಲಸತೊಡಗಿದರು. ಮಗಳ ಓದಿಗೆ, ಗಂಡನ ಬಿ.ಪಿ.ಗೆ, ಊರಿನ ಅತ್ತೆಗೆ ಎಂದಿದ್ದರೆ ಅದೇ ದಿನ ಕಂಪ್ಯೂಟರ್ ಬರುತ್ತಿತ್ತು. ನಲವತ್ತಮೂರು ವರ್ಷದ ಹೆಂಗಸಿಗೆ ಮಜಾ ಬೇಕಂತೆ!

ಹಣ ಅವಳದೇ, ರಜಾದಿನದ ಡ್ಯೂಟಿ ಮಾಡಿ ಉಳಿಸಿದ್ದು. ಬಿಡಿಭಾಗ ಕೊಂಡು ಜೋಡಿಸಿ ಇನ್ನೂರು ದಿನಾರಿನ ಒಳಗೆ ಮುಗಿಸುವ ಲೆಕ್ಕಾಚಾರ. ಹಾಗಾಗಿ ಜೇಮ್ಸನಿಗೆ ಬೇಡ ಎನ್ನುವ ಬಾಯಿಯಿರಲಿಲ್ಲ. ಒಂದೇ ಒಂದು ಷರತ್ತು ಹಾಕಿದ. ಬಿಡಿಭಾಗಗಳನ್ನು ಅವಳೇ ಆರಿಸಲಿ, ಆದರೆ ಅವನ್ನೆಲ್ಲ ಕೂರಿಸುವ ಕ್ಯಾಬಿನೆಟ್ ಮಾತ್ರ ತಾನು ತರುತ್ತೇನೆ, ಅದು ದೊಡ್ಡ ಸೂಟ್‌ಕೇಸಿನೊಳಗೆ ಹಿಡಿಯಬೇಕು. ಫ್ರೀಡಾ ಒಪ್ಪಿದಳು. ಅಲ್ಲೇ ಎಡವಿದ್ದು.

ಮರುದಿನ ಜೇಮ್ಸ್ ಖಾಲಿ ಸೂಟ್‌ಕೇಸನ್ನು ಉರುಳಿಸಿಕೊಂಡು ಹಳೇ ಸಾಮಾನಿನ ಸಂತೆಗೆ ಹೋದ. ಬಿಸಿಲಲ್ಲಿ ನಿಂತು ಒಂದೊಂದೇ ಕ್ಯಾಬಿನೆಟ್ ಎತ್ತಿ ಅದರೊಳಗಿಟ್ಟು ಝಿಪ್ ಎಳೆದು ನೋಡಿದ. ಅಂಗಡಿಯ ಇರಾನಿ ಮುದುಕ ಮೊದಲು ನಕ್ಕ, ಆಮೇಲೆ ತಾನೇ ಝಿಪ್ ಎಳೆಯಲು ಕೈಹಾಕಿದ. ಕಡೆಗೆ ಒಂದು ಕುಳ್ಳ ಕರಿ ಪೆಟ್ಟಿಗೆ ಸರಾಗವಾಗಿ ಒಳಗೆ ಕೂತಿತು. ಸುತ್ತ ನಾಲ್ಕು ಟವೆಲು ತುರುಕುವಷ್ಟು ಜಾಗವೂ ಉಳಿಯಿತು. ಜೇಮ್ಸ್ ಗೆದ್ದವನ ಹಾಗೆ ಮನೆಗೆ ಬಂದ.

ಉಳಿದದ್ದಕ್ಕೆ ಫ್ರೀಡಾ, ಜೇಮ್ಸ್, ಕೊನ್ರಾಡ್ ಮೂವರೂ ಹವಲ್ಲಿಯ ಕಂಪ್ಯೂಟರ್ ಬೀದಿಗೆ ಹೋದರು. ಅಲ್ಲಿ ಸೈದುವಿನ ಅಂಗಡಿ. ಉಳ್ಳಾಲದ ಬ್ಯಾರಿ, ಊರಿನವರು ಬಂದರೆ ಮೊದಲು ಚಹಾ ತರಿಸಿ ಆಮೇಲೆ ಮಾತಿಗೆ ತೊಡಗುವವ.

"ಅಕ್ಕ, ಒಂದೇ ಮಾತು. ಆಡ್ಲಿಕ್ಕಾ, ಆಫೀಸಿಗಾ?"

"ಆಡ್ಲಿಕ್ಕೆ."

"ಹಾಗಾದ್ರೆ ಗ್ರಾಫಿಕ್ಸ್ ಕಾರ್ಡಿಗೆ ಕೈಬಿಚ್ಚಿ ಖರ್ಚು ಮಾಡಿ. ಮತ್ತೆಲ್ಲ ಕಡೆ ಕೈ ಬಿಗಿ ಹಿಡಿಯಿರಿ."

ಫ್ರೀಡಾಳ ಲೆಕ್ಕವೂ ಅದೇ ಆಗಿತ್ತು. ಪರದೆಯ ಮೇಲೆ ಕಾರು ತಡವರಿಸದೆ ಓಡುವುದು ಆ ಕಾರ್ಡಿನಿಂದಲೇ. ಪ್ರೊಸೆಸರ್ ಮಧ್ಯಮದ್ದು ಸಾಕು. ರ‍್ಯಾಮ್‌ಗೆ ಬಣ್ಣದ ದೀಪ ಬೇಡ, ದೀಪದಿಂದ ಕಾರು ಜೋರಾಗಿ ಓಡುವುದಿಲ್ಲ. ಹಾರ್ಡ್ ಡಿಸ್ಕ್ ಸಣ್ಣದು, ಪರದೆ ಹಳೆಯದು ನಡೆಯುತ್ತದೆ. ಕರೆಂಟು ಹಂಚುವ ಎಸ್‌ಎಂಪಿಎಸ್ ಮಾತ್ರ ಒಳ್ಳೆಯದು ಬೇಕೆಂದಳು. ಕೊನ್ರಾಡ್ ಪ್ರತಿಯೊಂದಕ್ಕೂ ಮೂಗು ತೂರಿಸಿದ. ಎಸ್‌ಎಂಪಿಎಸ್‌ಗೆ ಅಷ್ಟು ಯಾಕೆ, ಹಾರ್ಡ್ ಡಿಸ್ಕ್ ದೊಡ್ಡದು ತಗೊಳ್ಳಿ, ಮದುವೆಯ, ಅದರ ಹಿಂದಿನ ದಿನದ ರೋಸ್ ಶಾಸ್ತ್ರದ ವಿಡಿಯೋ ಎಲ್ಲ ಹಾಕಿಡಬಹುದು. ಫ್ರೀಡಾ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಫ್ಯಾನಿನ ಕಾರ್ಡನ್ನು ಸೈದು ಕೈಗಿತ್ತಾಗ ಅದರ ಭಾರಕ್ಕೇ ಅವಳಿಗೆ ಖುಷಿಯಾಯಿತು. ಅಷ್ಟೆಲ್ಲ ನೋಡಿದವಳು ಅದರ ಉದ್ದ ನೋಡಲಿಲ್ಲ.

ಜೋಡಿಸುವ ಕೆಲಸ ಕೊನ್ರಾಡನದು. ಎಲ್ಲವನ್ನೂ ತನ್ನ ಮನೆಗೆ ಒಯ್ದ. ಮುಂದಿನ ಶುಕ್ರವಾರ ಊಟದ ಹೊತ್ತಿಗೆ ಕುಳ್ಳ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದು ಊಟದ ಮೇಜಿನ ತುದಿಯಲ್ಲಿಟ್ಟು ಗುಂಡಿ ಒತ್ತಿದ. ಪರದೆ ಬೆಳಗಿತು. ಜೇಮ್ಸ್ ಚಪ್ಪಾಳೆ ತಟ್ಟಿದ.

ಫ್ರೀಡಾ ಕೈ ತೊಳೆದುಕೊಂಡು ಬಂದು ಕೂತಳು. ಆಟ ಶುರುವಾಯಿತು. ಕಾರು ಹೊರಟಿತು, ನಿಂತಿತು, ಮತ್ತೆ ಒಂದಿಷ್ಟು ಹೋಯಿತು, ಮತ್ತೆ ನಿಂತಿತು. ಮದುವೆ ದಿಬ್ಬಣವೂ ಅದಕ್ಕಿಂತ ಬೇಗ ಹೋಗುತ್ತದೆ. ಅವಳು ಪ್ಲಗ್ ಕಿತ್ತು, ಸ್ಕ್ರೂಡ್ರೈವರ್ ತಂದು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಳು. ಎರಡು ಫ್ಯಾನಿನ ಕಾರ್ಡ್ ಇರಬೇಕಾದಲ್ಲಿ ಅಂಗೈಯಷ್ಟುದ್ದದ ಬೇರೊಂದು ಕಾರ್ಡ್ ಕೂತಿತ್ತು.

"ನನ್ನ ಕಾರ್ಡ್ ಎಲ್ಲಿ?"

"ಅದು ಹಿಡೀಲಿಲ್ಲ ಅತ್ತಿಗೆ," ಕೊನ್ರಾಡ್ ಸಮಾಧಾನವಾಗಿಯೇ ಹೇಳಿದ. "ಎರಡು ಬೆರಳು ಉದ್ದ ಆಯ್ತು. ಅಣ್ಣನ ಹತ್ರ ಕೇಳಿದೆ. ಸೈದುವಿಗೆ ವಾಪಸು ಕೊಟ್ಟು ಸಣ್ಣದು ತಂದೆ. ಉಳಿದದ್ದಕ್ಕೆ ದೊಡ್ಡ ಹಾರ್ಡ್ ಡಿಸ್ಕ್ ಬಂತು. ನಿಮ್ಮ ಒಳ್ಳೇದಕ್ಕೇ."

"ಅಣ್ಣನ ಹತ್ರ ಕೇಳಿದೆ," ಫ್ರೀಡಾ ಅದೇ ಮಾತನ್ನು ಮತ್ತೆ ಹೇಳಿದಳು.

"ನೀನು ಡ್ಯೂಟಿಯಲ್ಲಿದ್ದಿ ಅಲ್ವಾ," ಎಂದ ಜೇಮ್ಸ್. "ಈಗ ಎಂತಾಯ್ತು? ಆಟ ಬರ್ತದಲ್ಲ. ಸ್ವಲ್ಪ ನಿಧಾನ, ಅಷ್ಟೆ. ನಿಂಗೆಂತ ಅರ್ಜೆಂಟ್?"

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗಳು ಇಬ್ಬರು. ಕಾರ್ಡು ಹಿಡಿಯದೆ ಹೋದದ್ದು ಅವಳಿಗೆ ದೊಡ್ಡ ಸಂಗತಿಯಲ್ಲ. ಅಳೆಯದೆ ಹೋದದ್ದರಲ್ಲಿ ತನ್ನ ತಪ್ಪೂ ಉಂಟೆಂದು ಗೊತ್ತಿತ್ತು. ಒಂದು ಫೋನು ಮಾಡಿ ಅವಳನ್ನು ಕೇಳಬೇಕೆಂದು ಇಬ್ಬರಲ್ಲಿ ಒಬ್ಬನಿಗೂ ಅನಿಸಲಿಲ್ಲವಲ್ಲ, ಅದು ಎದೆಗೆ ಚುಚ್ಚಿತು. ಪೆಟ್ಟಿಗೆಗೂ ಕಾರ್ಡಿಗೂ ಜಗಳ ಬಂದಾಗ ಪೆಟ್ಟಿಗೆ ಬದಲಾಗಬಹುದು ಎಂಬ ಯೋಚನೆಯೇ ಈ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅವಳು ಸಣ್ಣ ಕಾರ್ಡನ್ನೂ ದೊಡ್ಡ ಹಾರ್ಡ್ ಡಿಸ್ಕನ್ನೂ ಬಿಚ್ಚಿ, ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಈ ಬಿಸಿಲಿಗೆ ಎಲ್ಲಿಗೆ?" ಎಂದ ಜೇಮ್ಸ್. "ನಾಳೆ ನಾನೇ ಕರ್ಕೊಂಡು ಹೋಗ್ತೇನೆ."

"ನಿಮ್ಮ ಗಾಡಿ ಬೇಡ. ಬಸ್ಸುಂಟು."

ಜುಲೈ ತಿಂಗಳ ಮಧ್ಯಾಹ್ನ. ಬಸ್ಸಿನ ಕಬ್ಬಿಣ ಕೈಗೆ ತಾಗಿದರೆ ಬೊಬ್ಬೆ ಬರುವಂಥ ಕಾವು. ಫ್ರೀಡಾ ಮುಂದಿನ ಸೀಟಿನಲ್ಲಿ ಚೀಲವನ್ನು ಅವುಚಿಕೊಂಡು ಕೂತಳು. ಕುವೈತಿನಲ್ಲಿ ಒಬ್ಬಳೇ ಬಸ್ಸಿನಲ್ಲಿ ಅಷ್ಟು ದೂರ ಅವಳು ಹೋದದ್ದೇ ಇರಲಿಲ್ಲ. ಹೆದರಿಕೆ ಆಗಬೇಕಿತ್ತು, ಸಿಟ್ಟಿನಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಶುಕ್ರವಾರದ ನಮಾಜು ಮುಗಿಸಿ ಬಂದ ಸೈದು ಆಗಷ್ಟೇ ಶಟರ್ ಎತ್ತುತ್ತಿದ್ದ. ವಿಷಯ ಕೇಳಿ ತಲೆ ಕೆರೆದುಕೊಂಡ.

"ಕೊನ್ರಾಡಣ್ಣ ಬಂದು ಅಕ್ಕನಿಗೆ ಅದು ಬೇಡವಂತೆ ಅಂದ್ರು. ನಾನು ಬದಲಾಯಿಸಿ ಕೊಟ್ಟೆ. ನಂಗೆಂತ ಗೊತ್ತು ಮಾರಾಯ್ರೆ?"

"ನನ್ನ ಕಾರ್ಡ್ ಉಂಟಾ, ಮಾರಿದೆಯಾ?"

"ಉಂಟು. ಆದ್ರೆ ಒಬ್ಬ ಗಿರಾಕಿ ಈಗ ಬರ್ತೇನೆ ಅಂದಿದ್ದಾನೆ."

"ಅವನಿಗೆ ಬೇರೆ ತರಿಸಿ ಕೊಡು. ಅದು ನಂದು."

ಸೈದು ಕಾರ್ಡಿನ ಪೆಟ್ಟಿಗೆಯನ್ನು ಕಪಾಟಿನಿಂದ ತೆಗೆದ, ಆದರೆ ಕೈಬಿಡಲಿಲ್ಲ. "ಜೇಮ್ಸಣ್ಣನಿಗೆ ಒಂದು ಫೋನ್ ಮಾಡ್ಲಾ ಅಕ್ಕ? ನಾಳೆ ನಂಗೆ ಮಾತು ಬರ್ಬಾರ್ದು."

"ಮಾಡು. ಹೇಳ್ಲಿಕ್ಕೆ ಮಾಡು, ಕೇಳ್ಲಿಕ್ಕೆ ಮಾಡ್ಬೇಡ."

ಸೈದು ಅವಳ ಮುಖ ನೋಡಿ ಫೋನನ್ನು ಜೇಬಿಗೆ ಹಾಕಿದ. ಅವಳು ತಂದದ್ದನ್ನು ತೆಗೆದುಕೊಂಡು ಕಾರ್ಡನ್ನೂ ಮೊದಲಿನ ಸಣ್ಣ ಹಾರ್ಡ್ ಡಿಸ್ಕನ್ನೂ ಅವಳ ಮುಂದಿಟ್ಟ. "ಖಲಾಸ್. ತಗೊಳ್ಳಿ. ಆದ್ರೆ ಇದನ್ನು ಎಲ್ಲಿ ಕೂರಿಸ್ತೀರಿ? ಆ ಪೆಟ್ಟಿಗೆಗೆ ಹಿಡಿಯುದಿಲ್ಲವಲ್ಲ."

"ಪೆಟ್ಟಿಗೆ ತೋರಿಸು."

ಅವನು ಒಂದು ತೋರಿಸಿದ. ಅವಳು ಅದಕ್ಕಿಂತ ದೊಡ್ಡದು ಕೇಳಿದಳು. ಇನ್ನೊಂದು ಬಂತು. ಅದಕ್ಕಿಂತಲೂ ದೊಡ್ಡದು ಕೇಳಿದಳು. ಅಂಗಡಿಯ ಮೂಲೆಯಲ್ಲಿ ಯಾರೂ ಕೊಳ್ಳದೆ ಧೂಳು ಹಿಡಿದ ಒಂದು ಬಿಳಿ ಕ್ಯಾಬಿನೆಟ್ ನಿಂತಿತ್ತು. ಅವಳ ಸೊಂಟಕ್ಕೆ ಬರುತ್ತಿತ್ತು. ಮಾರಾಟವಾಗದ್ದರಿಂದ ಅದಕ್ಕೆ ಬೆಲೆಯೂ ಕಡಿಮೆ.

"ಅಕ್ಕ, ಇದನ್ನು ಊರಿಗೆ ಹೇಗೆ ಕೊಂಡೋಗ್ತೀರಿ?" ಸೈದು ಕಳವಳದಿಂದಲೇ ಕೇಳಿದ. ಆ ರೋಗ ಅವನಿಗೂ ಇತ್ತು.

"ಕೊಂಡೋಗುದಿಲ್ಲ. ಧೂಳು ಒರೆಸಿ ಕೊಡು."

ಹಿಂದಿರುಗುವ ಬಸ್ಸಿಗೆ ಅದನ್ನು ಹತ್ತಿಸಲು ಇಬ್ಬರು ನೇಪಾಳಿಗಳು ಕೈಜೋಡಿಸಿದರು. "ಫ್ರಿಜ್ಜಾ, ದೀದಿ?" ಎಂದು ಒಬ್ಬ ಕೇಳಿದ. "ಗಾಡಿ," ಎಂದಳು ಫ್ರೀಡಾ.

ಮನೆಯ ಬಾಗಿಲಿಗೆ ಅದು ಅಡ್ಡಕ್ಕೆ ಹಿಡಿಯಲಿಲ್ಲ, ಓರೆ ಮಾಡಿ ತಂದಳು. ಕೊನ್ರಾಡ್ ಹೊರಟುಹೋಗಿದ್ದ. ಜೇಮ್ಸ್ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದ.

"ಇದು ಯಾವ ಸೂಟ್‌ಕೇಸಿಗೂ ಹಿಡಿಯುದಿಲ್ಲ."

"ಹೌದು. ನೋಡಿಯೇ ತಂದೆ."

"ಮತ್ತೆ ಊರಿಗೆ ಹೋಗುವಾಗ?"

"ಬಿಟ್ಟು ಹೋಗುದು. ಅಷ್ಟರಲ್ಲಿ ಹಾಳಾದ್ರೆ ಹಾಳಾಗ್ಲಿ. ಇಟ್ಟು ಹಾಳಾಗುದಕ್ಕಿಂತ ಆಡಿ ಹಾಳಾಗ್ಲಿ."

"ಯಾಕೆ ಇಷ್ಟು ಹಟ, ಫ್ರೀಡಾ? ಎಲ್ಲ ಒಟ್ಟು ಮಾಡುದು ನಿಂಗೂ ಅಲ್ವಾ?"

ಅವನ ದನಿಯಲ್ಲಿ ಮೋಸವಿರಲಿಲ್ಲ.  ಆದರೂ ಹೇಳಿದಳು.

"ಇಪ್ಪತ್ತೈದಕ್ಕೆ ಬಂದೆ. ಈಗ ನಲವತ್ತಮೂರು. ಆ ವರ್ಷಗಳೆಲ್ಲ ಇಲ್ಲೇ ಮುಗಿದವು ಜೇಮ್ಸ್. ಅದನ್ನು ಯಾವ ಕಾರ್ಗೋದಲ್ಲಿ ಊರಿಗೆ ಕಳಿಸ್ತೀರಿ?"

ಜೇಮ್ಸ್ ಖಾಲಿ ಸೂಟ್‌ಕೇಸನ್ನು ದಾರಿಯಿಂದ ಬದಿಗೆ ಸರಿಸಿದ. 

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಅವಳೇ ಜೋಡಿಸಲು ಕೂತಳು. ಕೊನ್ರಾಡ್ ಫೋನ್ ಮಾಡಿ, ಬರ್ಲಾ ಎಂದು ಕೇಳಿದ. "ಬಾ, ಚಹಾ ಕುಡಿ. ಸ್ಕ್ರೂಡ್ರೈವರ್ ಮುಟ್ಬೇಡ," ಎಂದಳು. ಅವನು ಬರಲಿಲ್ಲ. ಮೊದಲ ಸಲ ಗುಂಡಿ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು.  ಎಲ್ಲ ಬಿಚ್ಚಿ ಮತ್ತೆ ಹಾಕಿದಳು. ರ‍್ಯಾಮ್ ಅರ್ಧ ಕೂತಿತ್ತು. ಹೆಬ್ಬೆರಳು ಕೆಂಪಾಗುವಷ್ಟು ಅದುಮಿದಾಗ ಟಕ್ ಎಂದು ಸರಿಯಾಗಿ ಕೂತಿತು. ಈ ಸಲ ಪರದೆ ಬೆಳಗಿತು.

ಕಾರು ಹೊರಟಿತು. ಈಗ ಅದು ನಿಲ್ಲಲಿಲ್ಲ. ಬೆಟ್ಟದ ರಸ್ತೆ, ಒದ್ದೆ ಡಾಮರು, ಎದುರಿನ ಗಾಡಿಯ ಚಕ್ರದಿಂದ ಎರಚುವ ನೀರು ಎಲ್ಲ ಕಣ್ಣಿಗೆ ನುಗ್ಗಿ ಬಂದವು. ನತಾಶಾ ಕುರ್ಚಿಯ ತೋಳಿನ ಮೇಲೆ ಬಂದು ಕೂತಳು. ಸ್ವಲ್ಪ ಹೊತ್ತಿಗೆ ಜೇಮ್ಸನೂ ಬಂದು ಬೆನ್ನ ಹಿಂದೆ ನಿಂತ. ಕೈಕಟ್ಟಿಕೊಂಡು ನೋಡಿದ. ನೋಡುತ್ತ ನೋಡುತ್ತ ತಡೆಯಲಾಗಲಿಲ್ಲ.

"ಟರ್ನಿಂಗ್ ಬಂತು. ನಿಧಾನ. ಬ್ರೇಕ್ ಹಾಕು."

ಫ್ರೀಡಾ ಬ್ರೇಕ್ ಹಾಕಲಿಲ್ಲ.

"ಫ್ರೀಡಾ, ಬ್ರೇಕ್."

ಕಾರು ತಿರುವಿಗೆ ಹಾಗೆಯೇ ನುಗ್ಗಿ, ತಡೆಗೋಡೆಗೆ ಬಡಿದು, ಎರಡು ಸುತ್ತು ಉರುಳಿ ತಲೆಕೆಳಗಾಗಿ ಬಿತ್ತು. ನತಾಶಾ ಬಿದ್ದು ಬಿದ್ದು ನಕ್ಕಳು.

"ಹೇಳಿದೆ ಅಲ್ವಾ ನಾನು?" ಎಂದ ಜೇಮ್ಸ್. "ನೋಡು, ಗುದ್ದಿತು."

"ಅದಾಗಿ ಗುದ್ದಲಿಲ್ಲ. ನಾನು ಗುದ್ದಿಸಿದ್ದು," ಎಂದಳು ಫ್ರೀಡಾ, ಮತ್ತೆ ಶುರುವಿನ ಗೆರೆಗೆ ಕಾರನ್ನು ತರುತ್ತ. "ಇನ್ನೂ ಗುದ್ದಿಸ್ತೇನೆ."