ಜೊತೆಗಿದ್ದುದಕ್ಕೆ ಸಾಕ್ಷಿ

ಭೀಮರಾಜ್ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ನಾನು ದೊಡ್ಡಬಳ್ಳಾಪುರದ ಲ್ಯಾಬಿನಲ್ಲಿ ಇನ್ನೂ ಜನರ ರಕ್ತ ತೆಗೆಯುತ್ತಿದ್ದೇನೆ. ಮದುವೆಯಾಗದಿದ್ದರೂ ಸಂಗಾತಿಯನ್ನು ಕರೆಸಿಕೊಳ್ಳುವ ವೀಸಾ ಅಲ್ಲಿ ಇದೆಯಂತೆ. ಅದನ್ನು ಕೇಳಿದ ದಿನ ನಾನು ಕುಣಿದಾಡುವುದೊಂದು ಬಾಕಿ. ಆಮೇಲೆ ಷರತ್ತು ಓದಿದೆ. ಎರಡು ವರ್ಷ ಗಂಡ ಹೆಂಡಿರ ಹಾಗೆ ಬಾಳಿದ್ದಕ್ಕೆ ದಾಖಲೆ ಬೇಕು. ಇಬ್ಬರ ಹೆಸರಿನ ಬಾಡಿಗೆ ಕರಾರೋ, ಜೊತೆಗಿರುವ ಫೋಟೊವೋ, ನಮ್ಮನ್ನು ಬಲ್ಲವರ ಪತ್ರವೋ, ಏನಾದರೂ ಸರಿ, ನಂಬುವಂತಿರಬೇಕು.

ಬಾಳಿದ್ದೇವೆ ಸ್ವಾಮಿ. ಬೂದಿಗೆರೆಯಲ್ಲಿ, ಪಾಪಕ್ಕನವರ ಮನೆಯ ಮಹಡಿಯ ಮೇಲೆ, ಎರಡು ವರ್ಷ ಮೂರು ತಿಂಗಳು. ಆದರೆ ಅಕ್ಕ ತಮ್ಮ ಎಂದು ಹೇಳಿಕೊಂಡು.

ನಗಬೇಡಿ. ನನಗೆ ಮೊದಲೇ ಒಂದು ಮದುವೆಯಾಗಿತ್ತು. ಆ ಮಹಾನುಭಾವನನ್ನು ಬಿಟ್ಟು ಬಂದು ಐದು ವರ್ಷ. ವಿಚ್ಛೇದನದ ಕೇಸು ಇನ್ನೂ ಎಳೆಯುತ್ತಲೇ ಇದೆ. ಅವನು ಒಂದು ವಾಯಿದೆಗೆ ಬಂದರೆ ಮೂರಕ್ಕೆ ಚಕ್ಕರ್ ಹೊಡೆಯುತ್ತಾನೆ. ನಮ್ಮ ವಕೀಲರು ಉಮಾಶಂಕರ್ ಮೊದಲ ದಿನವೇ ಎಚ್ಚರಿಸಿದ್ದರು: "ನೋಡಮ್ಮ ಅನಸೂಯ, ಇನ್ನೊಬ್ಬರ ಜೊತೆ ಇದೀರ ಅನ್ನೋದಕ್ಕೆ ಒಂದು ತುಂಡು ಕಾಗದಾನೂ ಸಿಗಬಾರ್ದು. ಸಿಕ್ರೆ ಕೇಸು ಉಲ್ಟಾ ಹೊಡೀತದೆ." ನಾವು ಅದನ್ನು ವ್ರತದಂತೆ ಪಾಲಿಸಿದೆವು. ಭೀಮರಾಜ್ ನನಗಿಂತ ಮೂರು ವರ್ಷ ಚಿಕ್ಕವನು. ಬಾಡಿಗೆ ಕರಾರಿನಲ್ಲೂ ತಮ್ಮ ಎಂದೇ ಬರೆಸಿದೆವು.

ಫೋಟೊ ಇಲ್ಲವೆಂದಲ್ಲ. ಎರಡಿವೆ, ಎರಡೂ ಗೌರಿ ಹಬ್ಬದವು. ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಬರಬೇಕಲ್ಲ. "ತಮ್ಮ ಮನೇಲೇ ಇದ್ದು ಅಕ್ಕನಿಗೆ ಬಾಗಿನ ಕೊಡ್ದಿದ್ರೆ ಹೆಂಗಪ್ಪಾ?" ಎಂದು ಪಾಪಕ್ಕ ಹಠ ಹಿಡಿದು, ಬೀದಿಯ ಹೆಂಗಸರನ್ನೆಲ್ಲ ಕರೆದು, ಅವನ ಕೈಯಿಂದ ನನಗೆ ಸೀರೆ ಕೊಡಿಸಿದ್ದರು. ಫೋಟೊದಲ್ಲಿ ಅವನು ನನ್ನ ಕಾಲಿಗೆ ಬೀಳುತ್ತಿದ್ದಾನೆ, ನಾನು ಅವನ ತಲೆಗೆ ಅಕ್ಷತೆ ಹಾಕುತ್ತಿದ್ದೇನೆ. ಆಮೇಲೆ ಮಹಡಿಗೆ ಬಂದು ಬಾಗಿಲು ಹಾಕಿಕೊಂಡು ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು. ಈಗ ಇದನ್ನು ವೀಸಾದವರಿಗೆ ಕಳಿಸಲೇ?

ಉಳಿದದ್ದು ಪಾಪಕ್ಕನವರ ಪತ್ರವೊಂದೇ. ಕೇಸು ಹಾಳಾದರೆ ಆಗಲಿ ಎಂದು ಗಟ್ಟಿಮನಸ್ಸು ಮಾಡಿ ಭಾನುವಾರ ಬೂದಿಗೆರೆಯ ಬಸ್ಸು ಹತ್ತಿದೆ.

ಅವರು ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತೆ, ಸುಲಿಯುತ್ತ ತಲೆಯೆತ್ತದೆ ನಿಜ ಹೇಳಿದೆ. ಅವರು ಬೈಯಲಿಲ್ಲ.

"ಗೊತ್ತಿತ್ತು ಕಣಮ್ಮ," ಅಂದರು. "ಒಂದೇ ತಿಂಗಳಿಗೆ ಗೊತ್ತಾಯ್ತು. ಅಕ್ಕನಿಗೆ ತಲೆನೋವು ಅಂದ್ರೆ ಯಾವ ತಮ್ಮ ಕೆಲಸಕ್ಕೆ ರಜಾ ಹಾಕ್ತಾನೆ?"

ನನಗೆ ಹೋದ ಜೀವ ಬಂದಂತಾಯಿತು. "ಹಂಗಾದ್ರೆ ಅಷ್ಟನ್ನೇ ಬರ್ಕೊಡಿ ಪಾಪಕ್ಕ. ಒಂದೇ ಒಂದು ಸೈನು."

"ಅದಾಗಲ್ಲ."

"ಗೊತ್ತಿತ್ತು ಅಂತೀರಲ್ಲ!"

"ಗೊತ್ತಿದ್ದೂ ಗೊತ್ತಿಲ್ದಂಗೆ ಇದ್ದೆ. ಈಗ ಬರ್ಕೊಟ್ರೆ, ಗೊತ್ತಿದ್ದೇ ಬಾಗಿನ ಕೊಡಿಸ್ದೆ ಅಂತಾಗ್ತದೆ. ಗೌರಮ್ಮನ ಮುಂದೆ, ಅಷ್ಟು ಜನ ಮುತ್ತೈದೇರ ಮುಂದೆ. ಮೊಮ್ಮಗಳಿಗೆ ಗಂಡು ನೋಡ್ತಾವ್ರೆ, ನಾನು ಹೆಂಗೆ ತಲೆ ಎತ್ಕೊಂಡು ಓಡಾಡ್ಲಿ?"

"ಮತ್ಯಾಕೆ ಕೊಡಿಸಿದ್ರಿ?"

"ಎದುರುಮನೆ ಮುನಿತಾಯಮ್ಮ ಏನೇನೋ ಆಡ್ಕೊಳ್ಳೋಕೆ ಶುರು ಮಾಡಿದ್ಲು. ಅವಳ ಬಾಯಿ ಮುಚ್ಚಿಸ್ಬೇಕಿತ್ತು. ನಿಮಗೋಸ್ಕರಾನೇ ಮಾಡಿದ್ದು ಕಣವ್ವ."

ಜಗಳಕ್ಕೆ ನಿಲ್ಲೋಣವೆಂದರೆ ಅವರ ತಪ್ಪೇನಿದೆ? ಕೋಪವನ್ನೆಲ್ಲ ಅವರೆಕಾಯಿಯ ಮೇಲೆ ತೀರಿಸಿಕೊಂಡೆ. ಹೊರಟಾಗ ಒಂದಿಷ್ಟು ಕಾಳು ಕಟ್ಟಿಕೊಟ್ಟರು. "ಅಕ್ಕ ತಮ್ಮ ಅಂತಾದ್ರೆ ಎಷ್ಟು ಕಡೆ ಬೇಕಾದ್ರೂ ಸೈನ್ ಹಾಕ್ತೀನಿ," ಅಂದರು. ಮನಸಾರೆ ಅಂದರು, ಪಾಪ.

ಬಸ್ಸಿಗೆ ಕಾಯುತ್ತ ಭೀಮರಾಜ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

"ನಿನ್ನ ಜೊತೆ ಮನೇಲಿರೋ ತುಮಕೂರಿನ ಹುಡುಗ್ರ ಕೈಲಿ ಬರೆಸು," ಅಂದೆ. "ದಿನಾ ನಾವು ಮಾತಾಡೋದನ್ನ ನೋಡ್ತಾರಲ್ಲ. ಅವರಿಗೇನು ಊರು ಕೇರಿ ಹೆದರಿಕೆ?"

ಅಷ್ಟರಲ್ಲಿ ಫೋನಿನಲ್ಲಿ ಅವನ ಹಿಂದಿನಿಂದ ಯಾರೋ ಕೂಗಿದ್ದು ಕೇಳಿಸಿತು: "ಯಾರ್ ಗುರು ಫೋನು?"

"ಊರಿಂದ. ನಮ್ಮಕ್ಕ," ಅಂದ ಭೀಮರಾಜ್.

ಆಮೇಲೆ ದನಿ ತಗ್ಗಿಸಿ, "ಅನು, ಕೇಸು ಇನ್ನೂ ನಡೀತಿದೆಯಲ್ಲ... ಯಾರಾದ್ರೂ ಊರ ಕಡೆ ಬಾಯಿ ಬಿಟ್ರೆ ಅಂತ, ಬಂದ ದಿನವೇ ಹಂಗೆ ಹೇಳ್ಬಿಟ್ಟೆ ಕಣೇ," ಅಂದ.

ಅವನದೂ ತಪ್ಪಿಲ್ಲ. ಹೀಗೆ ಹೇಳಬೇಕೆಂದು ಕಲಿಸಿದವಳು ನಾನೇ. ಬಸ್ಸು ಬಂತು, ಜನ ಹತ್ತಿದರು, ನಾನು ಹತ್ತಲಿಲ್ಲ. ಈ ಹೆಂಗಸು ಅವನವಳು ಎಂದು ಬಾಯಿಬಿಟ್ಟು ಹೇಳುವವರು ಒಬ್ಬರಾದರೂ ಬೇಕಾಗಿತ್ತು. ಅವನೂ ಹೇಳಿರಲಿಲ್ಲ.