ಯೂಫೆಮಿಸಮ್‌ಗೆ ಒಂದು ಉದಾಹರಣೆ

ಚನ್ನಪ್ಪನ ಮನೆಯಲ್ಲಿ ಕವನಾಗೆ ಕಾಫಿಯನ್ನು ಪೇಪರ್ ಲೋಟದಲ್ಲಿ ಕೊಟ್ಟರು. ಉಳಿದವರಿಗೆಲ್ಲ ಸ್ಟೀಲ್ ಲೋಟ. ಕುಡಿದಾದ ಮೇಲೆ ಅವಳು ತನ್ನ ಲೋಟವನ್ನು ತಾನೇ ಎತ್ತಿಕೊಂಡು ಹೋಗಿ ಕಾಂಪೌಂಡಿನಾಚೆಯ ತಿಪ್ಪೆಗೆ ಹಾಕಿದಳು. ಮಾರನೆಯ ದಿನವೂ ಹಾಗೆಯೇ ಆಯಿತು. ಹಾಗೆಯೇ ಆಗುತ್ತ ಆಗುತ್ತ ಚಳಿಗಾಲ ಕಳೆಯಿತು.

ಚನ್ನಪ್ಪ ಎಂದರೆ ಚನ್ನರಾಯಪಟ್ಟಣದ ದೊಡ್ಡ ಕುಳ. ಕೊಬ್ಬರಿ ಮಂಡಿ ಅವನದು, ಹೆದ್ದಾರಿ ಪಕ್ಕದ ಇಂಗ್ಲಿಷ್ ಮೀಡಿಯಂ ಶಾಲೆಯೂ ಅವನದು. ಕವನಾ ಹಿರೀಸಾವೆ ಕಡೆಯ ಕಾಲೋನಿಯವಳು. ಹಾಸನದಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಅದರ ಮೇಲೊಂದು ಬಿ.ಎಡ್. ಮುಗಿಸಿ, ಆ ಶಾಲೆಯಲ್ಲಿ ಖಾಲಿಯಿದ್ದ ಇಂಗ್ಲಿಷ್ ಟೀಚರ್ ಕೆಲಸ ಕೇಳಿಕೊಂಡು ಹೋಗಿದ್ದಳು. ಚನ್ನಪ್ಪ ಅವಳ ಸರ್ಟಿಫಿಕೇಟುಗಳನ್ನು ನೋಡಲಿಲ್ಲ. ಊರು ಯಾವುದು, ಕೇರಿ ಯಾವುದು, ಅಪ್ಪ ಯಾರು ಎಂದು ಕೇಳಿ ತಿಳಿದುಕೊಂಡ.

"ಮೊದ್ಲು ಮನೆಗ್ ಬಂದು ನನ್ ಮೊಮ್ಮಗೀಗೆ ಪಾಠ ಏಳಮ್ಮ. ಎಸ್ಸೆಸ್ಸೆಲ್ಸಿ ಅವ್ಳು. ಅವ್ಳ ಬಾಯಲ್ಲಿ ಇಂಗ್ಲಿಷ್ ಬಂತೋ, ಜೂನ್‌ಗೆ ಕೆಲ್ಸ ನಿಂದೇ," ಎಂದಿದ್ದ.

ಕೆಲಸ ಸಿಕ್ಕರೆ ಅಪ್ಪ ಬೈರಯ್ಯ ಕಂಡವರ ತೋಟದಲ್ಲಿ ಕಾಯಿ ಸುಲಿಯುವುದನ್ನು ನಿಲ್ಲಿಸಬಹುದಿತ್ತು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಕುಕ್ಕಿ ಅವನ ಎರಡೂ ಅಂಗೈ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು. ಮೊದಲ ದಿನ ಮನೆಗೆ ಬಂದು ಲೋಟದ ವಿಷಯ ಹೇಳಿದಾಗ ಅವನು ನಕ್ಕಿದ್ದ. "ನಮ್ಗೆಲ್ಲ ತೆಂಗಿನ್ ಚಿಪ್ಪಲ್ಲಿ ಉಯ್ಯೋರು ಕಣವ್ವ, ಬೇಲಿ ತಾವ. ಈಗ ಪೇಪರ್ ಬಂದೈತೆ. ಮುಂದ್ಕೆ ಸ್ಟೀಲೂ ಬತ್ತದೆ, ಸುಮ್ಕಿರು."

ಅವಳು ಸುಮ್ಮನಿದ್ದಳು. ಸುಮ್ಮನಿರುವುದನ್ನೂ ಒಂದು ಡಿಗ್ರಿ ಎಂದು ಕೊಡುವುದಾದರೆ ಅದರಲ್ಲಿ ಅವಳಿಗೆ ಮೊದಲ ರ‍್ಯಾಂಕ್ ಬರಬೇಕಿತ್ತು.

ಚನ್ನಪ್ಪನ ಹೆಂಡತಿ ಸುಬ್ಬಮ್ಮ ಆ ಲೋಟಕ್ಕೆ ಒಂದು ಕಾರಣವನ್ನೂ ಕೊಟ್ಟಿದ್ದಳು. "ಕೊರೋನಾ ಬಂದಾಗ್ಲಿಂದ ಇಂಗೇ ಕಣವ್ವ. ಐಜೀನು." ಕೊರೋನಾ ಊರು ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಆ ಮನೆಯಲ್ಲಿ ಮಾತ್ರ ಅದು ಕವನಾಳ ಲೋಟವೊಂದರಲ್ಲಿ ಉಳಿದುಕೊಂಡಿತ್ತು.

ಪಾಠ ನಡೆಯುತ್ತಿದ್ದುದು ವರಾಂಡದಲ್ಲಿ. ಕಾಫಿ ತರುತ್ತಿದ್ದವಳು ಮೊಮ್ಮಗಳು ಅನುಶ್ರೀ. ಪೇಪರ್ ಲೋಟವನ್ನು ಬೆರಳ ತುದಿಯಲ್ಲಿ ಹಿಡಿದು ತಂದು, ಕೈಗೆ ಕೊಡದೆ ಕಿಟಕಿ ಕಟ್ಟೆಯ ಮೇಲಿಟ್ಟು ಬಂದು ಕೂರುತ್ತಿದ್ದಳು. ಜಾಣೆ, ಜಂಭದವಳು, ಗೈಡನ್ನು ಗಿಳಿಯ ಹಾಗೆ ಒಪ್ಪಿಸುವವಳು. ಫಿಗರ್ಸ್ ಆಫ್ ಸ್ಪೀಚ್ ಶುರುವಾದ ದಿನ ಕಣ್ಣು ಮುಚ್ಚಿಕೊಂಡು ಹೇಳಿದಳು:

"ಸಿಮಿಲಿ. ಆಸ್ ಬ್ರೇವ್ ಆಸ್ ಎ ಲಯನ್."

"ಸಿಂಹ ನೋಡಿದೀಯಾ?"

"ಮೈಸೂರು ಝೂನಲ್ಲಿ ನೋಡಿದೀನಿ ಮಿಸ್. ಮಲಗಿತ್ತು."

"ಮಲಗಿದ್ದನ್ನ ನೋಡಿ ಅದಕ್ಕೆ ಧೈರ್ಯ ಇದೆ ಅಂತ ಹೆಂಗೆ ಗೊತ್ತಾಯ್ತು?"

"ಗೈಡಲ್ಲಿ ಕೊಟ್ಟವ್ರೆ ಮಿಸ್!"

"ಗೈಡ್ ಮುಚ್ಚು. ನಿಮ್ಮನೇಲಿ ಕೇಳಿದ್ದು, ನೀನೇ ಕಂಡಿದ್ದು ಹೇಳು. ಇಂಗ್ಲಿಷ್ ಆಮೇಲೆ ಮಾಡೋಣ."

ಹುಡುಗಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಾಯಿ ಬಿಚ್ಚಿಕೊಂಡಿತು. "ನಮ್ಮಜ್ಜಿ ಕೋಪ ತೆಂಗಿನ ಸಿಪ್ಪೆಗೆ ಬಿದ್ದ ಬೆಂಕಿ ಇದ್ದಂಗೆ. ಆರೈತೆ ಅಂತ ಕಾಲಿಟ್ರೆ ಸುಡ್ತದೆ."

"ಇದು ಸಿಮಿಲಿ. ಮೆಟಫರ್?"

"ನಮ್ ತಾತ ಈ ಮನೆಗೆ ಬೀಗ."

ಕವನಾ ನಕ್ಕುಬಿಟ್ಟಳು. ಆ ವರಾಂಡದಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ಯೂಫೆಮಿಸಮ್‌ಗೆ ಬಂದಾಗ ಹುಡುಗಿ ಮತ್ತೆ ಗೈಡಿಗೇ ಓಡಿದಳು: ಡೈಡ್ ಅನ್ನೋದಕ್ಕೆ ಪಾಸ್ಡ್ ಅವೇ. ಕವನಾ ತಲೆಯಾಡಿಸಿದಳು. "ಕಹಿಗೆ ಬೆಲ್ಲ ಸವರಿ ಹೇಳೋದು ಅಷ್ಟೆ. ನಿಮ್ಮಜ್ಜಿ ದೀಪ ಆರಿಸು ಅಂತಾರಾ?"

"ಊಹೂಂ. ದೀಪ ದೊಡ್ಡದು ಮಾಡು ಅಂತಾರೆ."

"ಹಾವು ಕಚ್ಚಿದ್ರೆ?"

"ಹುಳ ಮುಟ್ತು ಅಂತಾರೆ." ಅನುಶ್ರೀಯ ಕಣ್ಣು ಅರಳಿತು. ಆಮೇಲೆ ದನಿ ತಗ್ಗಿಸಿದಳು. "ತಿಂಗಳಿಗೊಂದ್ಸಲ ನನ್ನ ಹಿಂದಿನ ರೂಮಲ್ಲಿ ಕೂರಿಸ್ತಾರಲ್ಲ ಮಿಸ್, ಆಗ ಕಾಗೆ ಮುಟ್ಟೈತೆ ಅಂತಾರೆ. ಎಲ್ಲಿತ್ತು ಕಾಗೆ? ತಟ್ಟೆ ಬೇರೆ, ಲೋಟ ಬೇರೆ…"

ಅಷ್ಟಕ್ಕೇ ನಿಂತಳು. ಅವಳ ನೋಟ ಕಿಟಕಿ ಕಟ್ಟೆಯ ಮೇಲಿನ ಪೇಪರ್ ಲೋಟಕ್ಕೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ಇದ್ದು, ವಾಪಸು ಬಂತು. ಕವನಾ ಅದನ್ನು ಕಂಡಳು. ಇದು ಪರೀಕ್ಷೆಗೆ ಬರಲ್ಲ ಬಿಡು ಎಂದು ಹೇಳಿ ಪುಟ ತಿರುಗಿಸಬಹುದಿತ್ತು. ಜೂನ್ ಕಣ್ಣೆದುರಿಗೇ ಇತ್ತು.

"ಇನ್ನೊಂದು ಹುಡುಕ್ಕೊಂಡು ಬಾ," ಎಂದಳು. "ನಾನೂ ಎಲ್ಲೂ ಕೇಳಿರಬಾರದು, ಅಂಥದ್ದು."

ಭಾನುವಾರ ಪಾಠದ ಹೊತ್ತಿಗೆ ಶಾಲೆಯ ಸೆಕ್ರೆಟರಿ ರುದ್ರೇಶ ಬಂದ. ಚನ್ನಪ್ಪನೇ ಕರೆಸಿದ್ದು. ಇಬ್ಬರೂ ವರಾಂಡಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಸುಬ್ಬಮ್ಮ ಬಾಗಿಲಿಗೆ ಒರಗಿ ನಿಂತಳು. ತಟ್ಟೆಯಲ್ಲಿ ಎರಡು ಸ್ಟೀಲ್ ಲೋಟ ಬಂದವು. ಕಿಟಕಿ ಕಟ್ಟೆಗೆ ಒಂದು ಪೇಪರ್ ಲೋಟ ಬಂತು.

"ನಂಗ್ ಇಂಗ್ಲಿಷ್ ತಿಳಿಯಾಕಿಲ್ಲ ಕಣಪ್ಪ. ನೀನ್ ಕೇಳಿ ಏಳು. ಕೆಲ್ಸ ಕೊಡಾಣೋ ಬ್ಯಾಡ್ವೋ," ಎಂದ ಚನ್ನಪ್ಪ. ಬಲಿಷ್ಠ ಎತ್ತನ್ನು ಗೂಟಕ್ಕೆ ಕಟ್ಟಿ ಹಲ್ಲು ನೋಡುವವನ ಖುಷಿ ಅವನ ಮುಖದಲ್ಲಿತ್ತು.

ಅನುಶ್ರೀ ಎದ್ದು ನಿಂತಳು. ಇಂಗ್ಲಿಷಿನಲ್ಲಿ ಅಜ್ಜಿಯ ಕೋಪವೂ ಸಿಪ್ಪೆಯ ಬೆಂಕಿಯೂ ಬಂದವು. ರುದ್ರೇಶ ತೊಡೆ ತಟ್ಟಿದ. ತಾತ ಬೀಗವಾದ. ರುದ್ರೇಶ ಹೊಟ್ಟೆ ಹಿಡಿದುಕೊಂಡು ನಕ್ಕ. "ಸೂಪರ್ ಚನ್ನಪ್ಣೋರೇ! ಒಳ್ಳೆ ಟೀಚರ್ನೇ ಹಿಡಿದಿದೀರಿ ಬಿಡಿ."

"ಯೂಫೆಮಿಸಮ್," ಎಂದಳು ಅನುಶ್ರೀ. "ಮೈ ಗ್ರಾಂಡ್‌ಮದರ್ ಸೇಸ್, ಪೇಪರ್ ಕಪ್ ಈಸ್ ಫಾರ್ ಹೈಜೀನ್."

ರುದ್ರೇಶನ ನಗು ಬಾಯಲ್ಲೇ ನಿಂತಿತು. ಅವನು ಕಿಟಕಿ ಕಡೆ ನೋಡಿದ, ತನ್ನ ಕೈಯಲ್ಲಿದ್ದ ಸ್ಟೀಲ್ ಲೋಟ ನೋಡಿದ, ಅದನ್ನು ಮೆಲ್ಲಗೆ ಕೆಳಗಿಟ್ಟ.

"ಏನಂದ್ಲು?" ಎಂದ ಚನ್ನಪ್ಪ.

"ಏನಿಲ್ಲ ಅಣ್ಣ, ಅದೇ… ಸ್ವಚ್ಛತೆ ವಿಚಾರ… ಕಾಫಿ, ಲೋಟ, ಅಂಗೆ ಒಂಚೂರು…"

"ಸರಿಯಾಗ್ ಏಳಲಾ!"

"ನಾನೇ ಹೇಳ್ತೀನಿ ತಾತ," ಎಂದಳು ಅನುಶ್ರೀ. ಉತ್ತರ ಗೊತ್ತಿರುವ ಹುಡುಗಿಯ ಉತ್ಸಾಹ ಅವಳಲ್ಲಿ ಇನ್ನೂ ಇಳಿದಿರಲಿಲ್ಲ. "ಅಜ್ಜಿ ಹೈಜೀನ್ ಅಂತಾರಲ್ಲ, ಅದು ಜಾತಿ ಅನ್ನೋದಕ್ಕೆ ಯೂಫೆಮಿಸಮ್. ನೀವೆಲ್ಲ ಸ್ಟೀಲಲ್ಲೇ ಕುಡಿತೀರ. ಮಿಸ್ ಒಬ್ರಿಗೇ ಪೇಪರು."

ಸುಬ್ಬಮ್ಮ ಬಾಗಿಲು ಬಿಟ್ಟು ಮುಂದೆ ಬಂದಳು.

"ಕೇಳುದ್ರಾ? ಎಂಗ್ ಏಳ್ಕೊಟ್ಟವ್ಳೆ ನೋಡಿ! ಮನೆ ಒಳಕ್ ಬುಟ್ಕಂಡಿದ್ಕೆ ಮಗಾನೇ ನಮ್ ಮೇಲೆ ಎತ್ಕಟ್ಟವ್ಳೆ!"

"ಒಳಕ್ಕೆ ಯಾವತ್ತೂ ಬಿಟ್ಟಿಲ್ಲ," ಎಂದಳು ಕವನಾ. "ಇದು ವರಾಂಡ."

"ಬಾಯ್ ಬೇರೆ ನೋಡು!"

"ಅಜ್ಜಿ, ಮಿಸ್ ಹೇಳ್ಕೊಟ್ಟಿಲ್ಲ, ನಾನೇ…"

"ಮುಚ್ಚೇ!" ಸುಬ್ಬಮ್ಮನ ಕೈ ಮೊಮ್ಮಗಳ ಕೆನ್ನೆಗೆ ಬಿತ್ತು. ಹುಡುಗಿ ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ಕವನಾಳನ್ನೇ ನೋಡಿದಳು. ಆ ನೋಟದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ನನ್ನ ಉತ್ತರ ಸರಿಯೋ, ತಪ್ಪೋ?

ಚನ್ನಪ್ಪ ದನಿ ಏರಿಸಲಿಲ್ಲ. ಮಂಡಿಯಲ್ಲಿ ವ್ಯಾಪಾರ ಕುದುರಿಸಿದವನು, ಏರಿಸುವ ದನಿ ಯಾವುದು, ಇಳಿಸುವ ದನಿ ಯಾವುದು ಅವನಿಗೆ ಗೊತ್ತಿತ್ತು.

"ನೋಡಮ್ಮ ಕವನಾ. ಮಗ ತಿಳೀದೆ ಏನೋ ಅಂದ್ಬುಡ್ತು. ಅದು ತಪ್ಪು ಅಂತ ನಿನ್ ಬಾಯಲ್ಲೇ ಅವ್ಳಿಗ್ ಏಳು. ಅಂಗೇ ಆ ಲೋಟ ಎತ್ಕಂಡ್ ಓಗಿ ಬಿಸಾಕು, ದಿನಾ ಬಿಸಾಕ್ತಿದ್ದಂಗೆ. ಜೂನ್‌ಗೆ ಬಂದು ಕೆಲ್ಸಕ್ ಸೇರ್ಕೊ. ಇಲ್ಲಿ ನಡೆದಿದ್ದು ಇಲ್ಲಿಗೇ ಮುಗೀತು."

"ಹೇಳ್ಬಿಡಮ್ಮ," ಎಂದು ರುದ್ರೇಶ ಅವಳ ಕಡೆ ಬಾಗಿದ. "ಒಂದು ಮಾತು ತಾನೇ? ಅಡ್ಜಸ್ಟ್ ಮಾಡ್ಕೊ."

ಅಡ್ಜಸ್ಟ್. ಇಂಥವರ ಚೀಲದಲ್ಲಿ ಇನ್ನೆಷ್ಟು ಬೆಲ್ಲವಿದೆ ಎಂದು ಕವನಾ ಯೋಚಿಸಿದಳು. ಹೊಂದಿಕೊಂಡು ಹೋಗು ಅನ್ನುತ್ತಾರೆ, ಊರ ಪದ್ಧತಿ ಅನ್ನುತ್ತಾರೆ, ನಿಮ್ಮವರು ಅನ್ನುತ್ತಾರೆ. ಚಿಪ್ಪಿಗೂ ಆಗ ಏನಾದರೊಂದು ಸಿಹಿಯಾದ ಹೆಸರು ಇಟ್ಟಿರಲೇಬೇಕು. ಅಪ್ಪನ ಅಂಗೈ ನೆನಪಾಯಿತು. ಜೂನ್ ನೆನಪಾಯಿತು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವಳು ಬ್ಯಾಗು ಹೆಗಲಿಗೇರಿಸಿ ಅನುಶ್ರೀಯ ಕಡೆ ತಿರುಗಿದಳು.

"ನಿನ್ನ ಉದಾಹರಣೆ ಸರಿಯಾಗಿದೆ," ಎಂದಳು. "ನಾನು ಎಲ್ಲೂ ಕೇಳಿರಲಿಲ್ಲ."

ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಳ್ಳುವಾಗ ಹಿಂದಿನಿಂದ ಸುಬ್ಬಮ್ಮನ ಕೂಗು ಬಂತು. "ಲೇ! ಲೋಟ! ಲೋಟ ಎತ್ಕಂಡ್ ಓಗೇ! ಅದ್ನ ಇಲ್ಲಿ ಯಾರ್ ಮುಟ್ತಾರೆ?"

ಕಿಟಕಿ ಕಟ್ಟೆಯ ಮೇಲೆ ಲೋಟ ಹಾಗೆಯೇ ಇತ್ತು. ಕಾಫಿ ತುಂಬಿತ್ತು, ಕೆನೆ ಕಟ್ಟಿತ್ತು, ಕಾಗದ ತಳದಲ್ಲಿ ಮೆತ್ತಗಾಗುತ್ತಿತ್ತು. ಆ ಮನೆಯವರೆಲ್ಲ ಅದರ ಸುತ್ತ ನಿಂತಿದ್ದರು. ಒಬ್ಬರ ಕೈಯೂ ಮುಂದೆ ಬರಲಿಲ್ಲ.

ಕವನಾ ಗೇಟಿನ ಬಳಿ ನಿಂತು ತಿರುಗಿ ನೋಡಿದಳು.

"ಇಟ್ಟೋರು ಎತ್ಕೊಳ್ಳಿ," ಎಂದಳು. "ನಾನ್ ಎತ್ತಲ್ಲ."