ಹತ್ತು ಹುಳುಗಳ ಪರೀಕ್ಷೆ

ರೇಷ್ಮೆಹುಳುಗಳು ಸೊಪ್ಪು ತಿನ್ನುವಾಗ ಜಿಟಿಜಿಟಿ ಮಳೆಯಂಥ ಸದ್ದು ಬರುತ್ತದೆ. ಅತ್ತಿಗೆ ಮೂವತ್ತು ವರ್ಷ ಆ ಸದ್ದು ಕೇಳಿಕೊಂಡೇ ಅಡುಗೆ ಮಾಡಿದವಳು. ಅವಳ ಹುಳುವಿನ ತಳಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಅವಳ ಅತ್ತೆ ಮದುವೆಯಾಗಿ ಬಂದಾಗ ಹಾಳೆಯಲ್ಲಿ ಮಡಿಚಿ ತಂದ ಮೊಟ್ಟೆಗಳ ಸಂತತಿ ಅದು. ಗೂಡು ಸಣ್ಣದು, ಜೇನಿನ ಬಣ್ಣ. ಪ್ರತಿ ಸಲವೂ ಕೆಲವು ಗೂಡು ಮಾರದೆ ಉಳಿಸಿ, ಚಿಟ್ಟೆ ಹೊರಬರಿಸಿ, ಮೊಟ್ಟೆ ಇಡಿಸಿ, ತಳಿ ಕಡಿಯದಂತೆ ಕಾದಿದ್ದಳು. ಈಗ ಉಳಿದದ್ದು ಏಳು ತಟ್ಟೆ ಹುಳು, ಅಷ್ಟೇ.

ಪಕ್ಕದ ಹೊಲದಲ್ಲಿ ಮೈದುನ ಕೋಸು ಬೆಳೆದಿದ್ದ. ಆ ಬೆಳಿಗ್ಗೆ ಅವನು ಹೊಸ ಔಷಧಿ ಹೊಡೆಯುವಾಗ ಗಾಳಿ ಇವಳ ಹಿಪ್ಪುನೇರಳೆ ಸಾಲಿನ ಕಡೆಗೇ ಬೀಸುತ್ತಿತ್ತು.

"ಅಲ್ಲಯ್ಯಾ, ಗಾಳಿ ನೋಡ್ಬಾರ್ದಾ?"

"ಇದು ಹಳೇ ಘಾಟು ಔಷಧಿ ಅಲ್ಲ ಅತ್ತಿಗೆ. ವಾಸನೇನೇ ಇಲ್ಲ. ಮನುಷ್ಯರಿಗೆ, ದನಕ್ಕೆ ಏನೂ ಮಾಡಲ್ವಂತೆ. ಹುಳಕ್ಕೆ ಮಾತ್ರ."

"ನಂದೂ ಹುಳಾನೇ ಕಣೋ."

"ನಿಮ್ದು ಹುಳಾನಾ? ರಾಜಕುಮಾರೀರು! ಅಣ್ಣನಿಗೂ ಇಷ್ಟು ಉಪಚಾರ ಮಾಡ್ಲಿಲ್ಲ ನೀವು."

ಅತ್ತಿಗೆ ನಕ್ಕಳು. ಆದರೂ ಅತ್ತೆ ಕಲಿಸಿದ ಪರೀಕ್ಷೆ ಬಿಡಲಿಲ್ಲ. ಅನುಮಾನದ ಸೊಪ್ಪನ್ನು ಮೊದಲು ಹತ್ತು ಹುಳುಗಳಿಗೆ ಹಾಕಬೇಕು, ಕಾಲು ಗಂಟೆ ಕೂತು ನೋಡಬೇಕು. ವಿಷವಿದ್ದರೆ ಹುಳು ತಲೆ ಒದರಿ, ಹೊರಳಾಡಿ, ಹಸಿರು ನೀರು ಕಕ್ಕುತ್ತದೆ. ಆ ಹತ್ತು ಹುಳುಗಳು ಕಕ್ಕಲಿಲ್ಲ, ಹೊರಳಲೂ ಇಲ್ಲ. ಕಾಲು ಗಂಟೆಯಾಗುತ್ತಲೇ ಅವಳು ಏಳೂ ತಟ್ಟೆಗೆ ಸೊಪ್ಪು ಹರಡಿದಳು.

ಮಧ್ಯಾಹ್ನ ಒಗ್ಗರಣೆಗೆ ಕೈಹಾಕಿದವಳು ಹಾಗೇ ನಿಂತಳು. ಮಳೆ ನಿಂತಿತ್ತು.

ಹೋಗಿ ನೋಡಿದರೆ ಹುಳುಗಳೆಲ್ಲ ಸುಮ್ಮನಿದ್ದವು. ಪೊರೆ ಬಿಡುವ ಮುಂಚೆ ಹುಳು ಹೀಗೆ ಊಟ ಬಿಟ್ಟು ಕೂರುವುದುಂಟು; ಅದಕ್ಕೆ ಜ್ವರ ಅನ್ನುತ್ತಾರೆ. ಮೂರನೇ ಜ್ವರ ಒಂದು ದಿನ ಮೊದಲೇ ಬಂತೇನೋ ಅಂದುಕೊಂಡು, ಹಾಸು ಒಣಗಿರಲಿ ಎಂದು ಮೇಲೆ ತೆಳ್ಳಗೆ ಸುಣ್ಣದ ಪುಡಿ ಜರಡಿ ಹಿಡಿದಳು. ಮಕ್ಕಳಿಗೆ ಹೊದಿಸಿ ಮಲಗಿಸಿದವಳ ಹಾಗೆ ಬಾಗಿಲು ಮುಂದೆ ಮಾಡಿದಳು.

ಮರುದಿನ ಬೆಳಕಿನಲ್ಲಿ ಕಂಡಿತು. ಜ್ವರಕ್ಕೆ ಕೂತ ಹುಳು ತಲೆ ಎತ್ತಿರುತ್ತದೆ. ಇವುಗಳ ತಲೆ ಎದ್ದಿರಲಿಲ್ಲ. ಮೈ ಅರ್ಧಕ್ಕೆ ಕುಗ್ಗಿ, ಮುಟ್ಟಿದರೆ ಅಕ್ಕಿಕಾಳಿನಷ್ಟು ಗಟ್ಟಿ. ಸತ್ತಿರಲೂ ಇಲ್ಲ.

ರೇಷ್ಮೆ ಇಲಾಖೆಯ ಡಾಕ್ಟರಮ್ಮ ಬಂದು ಒಂದನ್ನು ಅಂಗೈಯಲ್ಲಿಟ್ಟುಕೊಂಡಳು. "ನಮಗಾಗ್ಲಿ ಹುಳಕ್ಕಾಗ್ಲಿ, ಮಾಂಸಖಂಡದೊಳಗೆ ಕ್ಯಾಲ್ಸಿಯಂ ಇಡೋ ಉಗ್ರಾಣ ಇರುತ್ತಮ್ಮ. ಬಾಗಿಲು ತೆಗೆದ್ರೆ ಖಂಡ ಬಿಗಿಯುತ್ತೆ. ಬಾಗಿಲು ಹಾಕಿ, ಹೊರಗೆ ಬಂದದ್ದನ್ನ ಒಳಗೆ ತುಂಬಿಕೊಂಡ್ರೆ ಸಡಿಲ ಆಗುತ್ತೆ. ಈ ಔಷಧಿ ಹುಳದ ಬಾಗಿಲನ್ನ ತೆಗೆದೇ ಹಿಡಿದುಬಿಡುತ್ತೆ. ಇದ್ದಬದ್ದದ್ದೆಲ್ಲ ಸುರಿದುಹೋಗುತ್ತೆ. ಬಿಗಿದದ್ದು ಬಿಗಿದ ಹಾಗೇ. ದವಡೆನೂ ಅಷ್ಟೇ."

"ಕ್ಯಾಲ್ಸಿಯಂ ನಾನೂ ನುಂಗ್ತೀನಲ್ಲ, ಮಂಡಿಗೆ?"

"ನಮ್ಮ ಬಾಗಿಲಿನ ಆಕಾರ ಬೇರೆ. ಇದು ನಮ್ಮಲ್ಲಿ ಸರಿಯಾಗಿ ಕೂರಲ್ಲ."

"ಹೊರಳಾಡ್ಲಿಲ್ವಲ್ಲ ಡಾಕ್ಟ್ರೇ. ನಾನು ನೋಡ್ದೆ. ಕಣ್ಣು ಮಿಟುಕಿಸದೆ ನೋಡ್ದೆ."

"ನೀವು ಕಾದಿದ್ದು ಹಳೇ ವಿಷದ ಲಕ್ಷಣಕ್ಕೆ."

ಮೂರು ದಿನ ಅವು ಬಾಯಿ ಬಿಗಿದುಕೊಂಡೇ ಒಣಗಿದವು, ಸೊಪ್ಪಿನ ಮೇಲೆಯೇ ಹಸಿದು. ಮೈದುನನೇ ಗುಂಡಿ ತೋಡಿದ.

ತಟ್ಟೆಗಳನ್ನು ತೊಳೆಯಲು ಇಳಿಸುವಾಗ ಒಂದೇ ಒಂದು ಜೀವ ಸಿಕ್ಕಿತು; ಕೆಳಗೆ ಜಾರಿ, ಔಷಧಿ ಹೊಡೆಯುವ ಹಿಂದಿನ ದಿನದ ಬಾಡಿದ ಎಲೆ ಹಿಡಿದು ಕೂತಿದ್ದ ಹುಳು. ಅತ್ತಿಗೆ ಎರಡು ಮೈಲಿ ನಡೆದು ಅದಕ್ಕೆ ಬೇರೆ ಸೊಪ್ಪು ತಂದಳು, ದಿನಾ. ಅದು ಜೇನಿನ ಬಣ್ಣದ ಗೂಡು ಕಟ್ಟಿತು. ಚಿಟ್ಟೆಯಾಗಿ ಹೊರಬಂತು. ಹೆಣ್ಣು. ಬಾಲದ ತುದಿ ಮೇಲೆತ್ತಿ, ರೆಕ್ಕೆ ನಡುಗಿಸುತ್ತ ಗಂಡನ್ನು ಕರೆಯಿತು. ಎರಡು ದಿನ ಕರೆದು, ಆಮೇಲೆ ಒಂದೊಂದಾಗಿ ಹಾಳೆಯ ಮೇಲೆ ಮೊಟ್ಟೆ ಇಟ್ಟು ಸತ್ತಿತು. ಜೀವವಿರುವ ಮೊಟ್ಟೆ ಹತ್ತು ದಿನಕ್ಕೆ ಕಪ್ಪಾಗಿ ಒಡೆಯಬೇಕು.

ಮೈದುನ ದಿನಾ ಬೆಳಿಗ್ಗೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದ. "ಬಣ್ಣ ತಿರುಗ್ತಾ ಅತ್ತಿಗೆ?"

ಗಂಡು ಮುಟ್ಟದ ಮೊಟ್ಟೆ ಹಳದಿಯಲ್ಲೇ ಬತ್ತುತ್ತದೆಂದು ಅವಳಿಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ.

"ಇನ್ನೂ ಇಲ್ಲ ಕಣೋ," ಅನ್ನುತ್ತಿದ್ದಳು, ಹಾಳೆಯಿಂದ ಕಣ್ಣು ತೆಗೆಯದೆ.